ಹದಿನೈದನೆಯ ಅಡಿಕೆ

ನಾನು ಯಾರನ್ನೂ ಒಂದೇ ಸಲಕ್ಕೆ ನಂಬಿದವನಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು, ಈಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ ಅಷ್ಟೆ. ಖಾಸಗಿ ಬಸ್ಸುಗಳಲ್ಲಿ ಇಪ್ಪತ್ತೆಂಟು ವರ್ಷ ಚೆಕಿಂಗ್ ಕೆಲಸ ಮಾಡಿದವನು ನಾನು. ಕೊಪ್ಪದಿಂದ ಶೃಂಗೇರಿ, ಕೊಪ್ಪದಿಂದ ನರಸಿಂಹರಾಜಪುರ, ಎರಡೇ ದಾರಿ. ನಡುದಾರಿಯಲ್ಲಿ ಎಲ್ಲೋ ಒಂದು ಕಡೆ ಕೈ ಅಡ್ಡ ಹಿಡಿದು ಬಸ್ಸು ಹತ್ತಬೇಕು, ತಲೆ ಎಣಿಸಬೇಕು, ಟಿಕೆಟ್ ಎಣಿಸಬೇಕು. ಎರಡೂ ತಾಳೆಯಾಗದಿದ್ದರೆ ಯಾರ ಕಣ್ಣು ಕಿಟಕಿಯ ಹೊರಗೆ ಓಡುತ್ತದೆ ಎಂದು ನೋಡಬೇಕು. ಸೀತೂರಿನಲ್ಲಿ ಇಳಿಯಬೇಕಾದವನು ನಿದ್ದೆ ಬಂತೆಂದು ನರಸಿಂಹರಾಜಪುರದ ತನಕ ಬರುವುದು, ಎರಡು ಸ್ಟಾಪ್ ಹಿಂದೆ ಹತ್ತಿದವನು ಈಗ ಅಡ್ಡಗದ್ದೆಯಲ್ಲಿ ಹತ್ತಿದೆ ಎಂದು ದೇವರಾಣೆ ಹಾಕುವುದು, ನಾನು ಮುಂದಿನ ಬಾಗಿಲಿನಿಂದ ಹತ್ತುವಾಗ ಹಿಂದಿನ ಬಾಗಿಲಿನಿಂದ ಇಳಿದು, ನಾನು ಹಿಂದೆ ಹೋದಾಗ ಮುಂದೆ ಬಂದು ಹತ್ತುವುದು, ಎಲ್ಲವನ್ನೂ ನೋಡಿದ್ದೇನೆ. ನೋಡಿ ನೋಡಿ ಕಾಮಾಲೆ ಕಣ್ಣಾಯಿತು. ನಿವೃತ್ತನಾಗಿ ನಾಲ್ಕು ವರ್ಷವಾದರೂ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೆ ಎರಡು ಸಲ ಊಟಕ್ಕೆ ಕುಳಿತವನು ಯಾರೆಂದು ನನಗೆ ಗೊತ್ತಾಗುತ್ತಿತ್ತು.

ತಲೆ ಎಣಿಸಲು ನನ್ನದೇ ಒಂದು ಕ್ರಮವಿತ್ತು. ಜನ ಒತ್ತಿಕೊಂಡು ನಿಂತ ಬಸ್ಸಿನಲ್ಲಿ ಪೆನ್ನು ಕಾಗದ ತೆಗೆಯಲು ಜಾಗವಿರುತ್ತಿರಲಿಲ್ಲ. ಅಂಗಿಯ ಬಲಜೇಬಿನಲ್ಲಿ ಸಣ್ಣ ಕೆಂಪಡಿಕೆಗಳು. ಹತ್ತು ತಲೆ ಆದ ಕೂಡಲೇ ಒಂದು ಅಡಿಕೆ ಎಡಜೇಬಿಗೆ. ಹಿಂದಿನ ಬಾಗಿಲು ತಲುಪಿದ ಮೇಲೆ ಎಡಜೇಬು ಮುಟ್ಟಿ ನೋಡಿದರೆ ಲೆಕ್ಕ ಸಿದ್ಧ. ಮುಖ ಬೇರೆ ಕಡೆ ತಿರುಗಿಸಿ, ಯಾರೊಂದಿಗೋ ಮಳೆಯ ಮಾತಾಡುತ್ತಲೇ ಎಣಿಸಿ ಮುಗಿಸುತ್ತಿದ್ದೆ. ಕಂಡಕ್ಟರುಗಳು ನನ್ನ ಜೇಬಿಗೆ ಹೆದರುತ್ತಿದ್ದರು. ಡ್ಯೂಟಿ ಮುಗಿದ ಮೇಲೆ ಆ ಅಡಿಕೆಗಳು ಒಂದೊಂದಾಗಿ ನನ್ನ ಬಾಯಿಗೆ ಹೋಗುತ್ತಿದ್ದವು, ಅದು ಬೇರೆ ಮಾತು.

ಆ ಬೇರೆ ಮಾತೇ ಕೊನೆಗೆ ಡಾಕ್ಟರ ತನಕ ಹೋಯಿತು. ಕೆನ್ನೆಯ ಒಳಗೆ ಬಿಳಿ ಮಚ್ಚೆಯೊಂದು ಕಂಡಿದೆ, ಇನ್ನು ಅಡಿಕೆ ಮುಟ್ಟಬಾರದು ಎಂದರು ಅವರು. ಬಿಟ್ಟೆ. ಮನೆಯಲ್ಲಿ ಮಾತ್ರ ಯಾರೂ ನಂಬಲಿಲ್ಲ. ಹೆಂಡತಿ ದಿನವೂ ನನ್ನ ಅಂಗಿ ಒಗೆಯುವ ಮೊದಲು ಜೇಬು ಹೊರಗೆ ತಿರುವಿ ನೋಡುತ್ತಿದ್ದಳು. ಮೊಮ್ಮಗಳು ನಾನು ಪೇಟೆಯಿಂದ ಬಂದ ಕೂಡಲೇ ಎದುರಿಗೆ ನಿಂತು ಮಾತಾಡಿಸುತ್ತಿದ್ದಳು, ಬಾಯಿಯ ವಾಸನೆ ನೋಡಲಿಕ್ಕೆ. ನನಗೆ ಸಿಟ್ಟು ಬರುತ್ತಿತ್ತು. ಎಂಟು ತಿಂಗಳಿನಿಂದ ಒಂದು ಹೋಳು ಮುಟ್ಟದವನನ್ನು ಹೀಗೆ ತಪಾಸಣೆ ಮಾಡುವುದೆಂದರೆ ಏನು?

ಈ ಮೊಮ್ಮಗಳು ನನ್ನ ಮಗಳ ಮಗಳು, ಕೊಪ್ಪದಲ್ಲಿ ಒಂಬತ್ತನೆಯ ಕ್ಲಾಸು. ಓಡುತ್ತಾಳೆ. ನಮ್ಮ ವಂಶದಲ್ಲಿ ಬಸ್ಸು ತಪ್ಪೀತೆಂದು ಓಡಿದ್ದು ಬಿಟ್ಟರೆ ಬೇರೆ ಕಾರಣಕ್ಕೆ ಓಡಿದವರು ಯಾರೂ ಇಲ್ಲ. ಆ ವರ್ಷ ತಾಲ್ಲೂಕು ಮಟ್ಟದ ಹೈಸ್ಕೂಲು ಕ್ರೀಡಾಕೂಟದಲ್ಲಿ ಮೂರು ಸಾವಿರ ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಳು. ಮೊದಲು ಬಂದವಳೊಬ್ಬಳೇ ಜಿಲ್ಲೆಗೆ ಹೋಗುವುದು ಎಂದು ಅವಳೇ ನನಗೆ ಹೇಳಿದ್ದಳು. ಎರಡು ತಿಂಗಳು ಬೆಳಿಗ್ಗೆ ಎದ್ದು ಓಡಿದ್ದಳು. ಅವಳು ಗೆಲ್ಲಬೇಕೆಂಬ ಆಸೆ ನನಗೂ ಇತ್ತು.

ಕ್ರೀಡಾಕೂಟಕ್ಕೆ ಎರಡು ದಿನ ಮೊದಲು, ಅದರ ಉಸ್ತುವಾರಿ ಹೊತ್ತಿದ್ದ ಪಿ.ಟಿ. ಮೇಷ್ಟ್ರು ಪೇಟೆಯಲ್ಲಿ ಸಿಕ್ಕಿದರು.

“ಚೆಕಿಂಗ್‌ನವರೇ, ನೀವು ಓಟದ ಸುತ್ತು ಎಣಿಸಕ್ಕೆ ಬರ್ಬೇಕು ಮಾರಾಯ್ರೆ. ನಮ್ಮವರಿಗೆ ಹತ್ತು ದಾಟಿದ್ರೆ ಲೆಕ್ಕ ತಪ್ಪತ್ತೆ, ಆಮೇಲೆ ಜಗಳ.”

ನಮ್ಮ ಮೈದಾನ ಚಿಕ್ಕದು. ಒಂದು ಸುತ್ತಿಗೆ ಇನ್ನೂರು ಮೀಟರ್, ಮೂರು ಸಾವಿರಕ್ಕೆ ಹದಿನೈದು ಸುತ್ತು. ಹದಿನಾಲ್ಕು ಜನ ಓಡುವಾಗ ನಾಲ್ಕನೆಯ ಸುತ್ತಿಗೇ ಹಿಂದಿನವರು ಯಾರು, ಮುಂದಿನವರು ಯಾರು ಎಂದು ತಿಳಿಯದ ಹಾಗೆ ಕಲಸಿಹೋಗುತ್ತದೆ. ಅದಕ್ಕೇ ಒಬ್ಬೊಬ್ಬ ಓಟಗಾರ್ತಿಗೆ ಒಬ್ಬೊಬ್ಬರು ಎಣಿಸುವವರು. ನಾನು ಒಪ್ಪಿಕೊಂಡೆ. ಒಪ್ಪಿದ ಮೇಲೆ ಅವರು ಮೆಲ್ಲಗೆ ಸೇರಿಸಿದರು.

“ನಿಮ್ಮ ಮೊಮ್ಮಗಳದ್ದು ಮಾತ್ರ ನಿಮಗೆ ಕೊಡಲ್ಲ. ಬೇಜಾರು ಮಾಡ್ಕಬೇಡಿ.”

ಬೇಜಾರು ಮಾಡಿಕೊಂಡೆ. ಇಪ್ಪತ್ತೆಂಟು ವರ್ಷ ಊರನ್ನು ಸಂಶಯದಿಂದ ನೋಡಿದವನ ಮೇಲೆ ಇವರಿಗೆ ಸಂಶಯ.

ಕ್ರೀಡಾಕೂಟದ ಬೆಳಿಗ್ಗೆ ಹಳೆಯ ಎರಡು ಜೇಬಿನ ಅಂಗಿ ಹಾಕಿಕೊಂಡೆ. ಹೆಂಡತಿಯನ್ನು ಕೇಳಿ ಅಡಿಕೆ ತೆಗೆಸಿಕೊಳ್ಳಬೇಕಾಯಿತು. ಅವಳು ನನ್ನ ಕೈಗೆ ಕೊಡಲಿಲ್ಲ, ಮೊಮ್ಮಗಳ ಕೈಗೆ ಕೊಟ್ಟಳು.

“ಎಣಿಸಿ ಕೊಡು. ಸಂಜೆ ಎಣಿಸಿ ವಾಪಸ್ ತಗ.”

ಮೊಮ್ಮಗಳು ಗಟ್ಟಿಯಾಗಿ ಎಣಿಸುತ್ತ ಹದಿನೈದು ಅಡಿಕೆಗಳನ್ನು ನನ್ನ ಬಲಜೇಬಿಗೆ ಹಾಕಿದಳು.

ಅದು ಮಳೆಗಾಲದ ನಡುವಿನ ಹೊಳವು. ಎರಡು ದಿನದಿಂದ ಬಿಸಿಲಿತ್ತು. ಗುಡ್ಡ ಕಡಿದು ಮಾಡಿದ ಮೈದಾನ, ಒಂದು ಬದಿಗೆ ಕಡಿದ ಮಣ್ಣಿನ ಗೋಡೆಯಂಥ ಎತ್ತರದ ದರೆ. ದರೆಯ ಬುಡದ ಮೂಲೆಯಲ್ಲಿ ಮಾತ್ರ ನೀರು ಜಿನುಗಿ ನೆಲ ಒದ್ದೆಯಾಗಿತ್ತು. ಆ ಮೂಲೆ ನಾವು ಕುಳಿತಲ್ಲಿಂದ ಪೂರ್ತಿ ಕಾಣುತ್ತಿರಲಿಲ್ಲ, ನಡುವೆ ಪೆಂಡಾಲು, ಅದರ ಪಕ್ಕ ನೀರಿನ ಡ್ರಮ್ಮು, ಡ್ರಮ್ಮಿನ ಸುತ್ತ ಮಕ್ಕಳು. ನಾನು ಕುಳಿತ ಕೂಡಲೇ ಆ ಮೂಲೆಯನ್ನು ಗುರುತು ಹಾಕಿಕೊಂಡೆ. ಮೋಸ ಆಗುವುದಿದ್ದರೆ ಅಲ್ಲೇ. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಹೀಗೇ ಮರದ ಹಿಂದೆ ಒಂದು ಸುತ್ತು ಕುಳಿತು ಸುಧಾರಿಸಿಕೊಂಡು, ಎಲ್ಲರೂ ಬಂದಾಗ ಜೊತೆಗೆ ಸೇರಿಕೊಂಡು ಬಹುಮಾನ ಹೊಡೆದಿದ್ದ.

ನನಗೆ ಕೊಟ್ಟದ್ದು ಹಿರೇಕೊಡಿಗೆ ಕಡೆಯ ಒಬ್ಬ ಹುಡುಗಿಯನ್ನು. ನೋಡಿದ ಕೂಡಲೇ ನನಗೆ ಸರಿ ಕಾಣಲಿಲ್ಲ. ಮೊದಲನೆಯದಾಗಿ ಎತ್ತರ. ಹತ್ತನೆಯ ಕ್ಲಾಸಿನ ಹುಡುಗಿ ಇಷ್ಟೆತ್ತರ ಇರುತ್ತಾಳೆಯೇ, ಫೇಲಾಗಿ ಕುಳಿತವಳನ್ನು ಕರೆತಂದಿದ್ದಾರೆಯೇ? ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ತುದಿಯಲ್ಲಿ ಹೆಬ್ಬೆರಳಿನಷ್ಟು ಕತ್ತರಿಸಿತ್ತು. ಯಾರದ್ದೋ ಶೂ ಇರಬೇಕು. ಎದೆಯ ಮೇಲಿನ ನಂಬರಿನ ಕೆಳಗೆ ಇನ್ನೊಂದು ನಂಬರಿನ ಅಂಚು ಇಣುಕುತ್ತಿತ್ತು. ಬಸ್ಸಿನಲ್ಲಾಗಿದ್ದರೆ ಇಷ್ಟಕ್ಕೇ ನಾನು ಅವಳನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದೆ. ಉಳಿದ ಹುಡುಗಿಯರು ಗುಂಪು ಕಟ್ಟಿ ನಗುತ್ತಿದ್ದರೆ ಇವಳು ಒಬ್ಬಳೇ ಆ ದರೆಯ ಮೂಲೆಯ ತನಕ ನಡೆದು ಹೋಗಿ, ನೆಲ ನೋಡಿ ವಾಪಸ್ ಬಂದಳು. ಯಾಕೆ ಹೋಗಿದ್ದಳು?

“ಅವಳ ವಯಸ್ಸಿನ ಕಾಗದ ನೋಡಿದೀರಾ?” ಎಂದು ಪಿ.ಟಿ. ಮೇಷ್ಟ್ರನ್ನು ಕೇಳಿದೆ.

“ನೋಡಿದೀನಿ. ನೀವು ಸುತ್ತು ಎಣಿಸಿ ಸಾಕು.”

ಸೀಟಿ ಊದಿದರು. ಮೊದಲ ಸುತ್ತಿಗೇ ಆ ಎತ್ತರದ ಹುಡುಗಿ ಮುಂದೆ ಬಂದಳು. ಹಿಂದೆ ನನ್ನ ಮೊಮ್ಮಗಳು, ಅವಳ ಹಿಂದೆ ಉಳಿದವರು. ನಾನು ಒಂದು ಅಡಿಕೆ ಎಡಜೇಬಿಗೆ ಹಾಕಿದೆ. ಎರಡನೆಯ ಸುತ್ತಿನಲ್ಲಿ ದರೆಯ ಮೂಲೆಗೆ ಹೋದಾಗ ಪೆಂಡಾಲಿನ ಸಂದಿಯಲ್ಲಿ ಅವಳು ಎಡಗೈ ಎತ್ತಿದ್ದು ಕಂಡಿತು. ಮೂರನೆಯದರಲ್ಲೂ ಎತ್ತಿದಳು. ನಾಲ್ಕನೆಯದರಲ್ಲೂ. ಎತ್ತುವುದು, ಒಂದು ಗಳಿಗೆ ಕೈ ನೋಡುವುದು, ಇಳಿಸುವುದು. ಆ ಮೂಲೆಯ ದರೆಯ ಮೇಲೆ ಇಬ್ಬರು ಹೆಂಗಸರು ಕೊಡೆ ಹಿಡಿದು ನಿಂತಿದ್ದರು. ಬಿಸಿಲಿಗೆ ಕೊಡೆ ಸರಿ, ಆದರೆ ಇವಳ ಕೈಸನ್ನೆ ಯಾರಿಗೆ? ನಾನು ಕುರ್ಚಿಯ ಅಂಚಿಗೆ ಬಂದೆ. ನನ್ನ ಹಳೆಯ ಕಸುಬು ಮೈಯಲ್ಲಿ ಎದ್ದು ಕುಳಿತಿತ್ತು. ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು.

ಆದರೆ ಆ ಹುಡುಗಿ ಓಡುವುದನ್ನು ನೋಡದೆ ಇರಲಾಗುತ್ತಿರಲಿಲ್ಲ. ತಲೆ ಅಲ್ಲಾಡುತ್ತಿರಲಿಲ್ಲ. ಬಾಯಿ ಮುಚ್ಚಿತ್ತು. ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಪ್ರತಿ ಸುತ್ತಿಗೂ ನನ್ನ ಎದುರಿನಿಂದ ಒಂದೇ ಸದ್ದು ಮಾಡುತ್ತ ದಾಟುತ್ತಿದ್ದಳು. ನನ್ನ ಮೊಮ್ಮಗಳು ಮೂವತ್ತು ಹೆಜ್ಜೆ ಹಿಂದೆ ಮುಖ ಕೆಂಪು ಮಾಡಿಕೊಂಡು ಬರುತ್ತಿದ್ದಳು. ಹಿಂದಿನವರಲ್ಲಿ ಕೆಲವರು ಒಂದು ಸುತ್ತು ಹಿಂದೆ ಬಿದ್ದು ಇವರಿಬ್ಬರ ನಡುವೆಯೇ ಸಿಕ್ಕಿಕೊಂಡಿದ್ದರು. ಹನ್ನೊಂದನೆಯ ಸುತ್ತಿನಲ್ಲಿ ದರೆಯ ಮೂಲೆಯಿಂದ ಹೊರಬರುವಾಗ ಮೊಮ್ಮಗಳು ಒದ್ದೆ ನೆಲದಲ್ಲಿ ಜಾರಿ, ಒಂದು ಮೊಣಕಾಲು ಊರಿ, ಮತ್ತೆ ಎದ್ದು ಓಡಿದಳು. ನನ್ನ ಜೀವ ಬಾಯಿಗೆ ಬಂತು. ಅಲ್ಲಿಂದ ಅವಳು ಇನ್ನೂ ಹಿಂದೆ ಬಿದ್ದಳು.

ಕೊನೆಗೆ ಆ ಎತ್ತರದ ಹುಡುಗಿ ಗೆರೆ ದಾಟಿ ಕಾಲು ನಿಧಾನ ಮಾಡಿದಳು. ಸ್ಟಾಪ್‌ವಾಚ್ ಹಿಡಿದವರು ಬೆರಳು ಒತ್ತುವುದರಲ್ಲಿದ್ದರು. ನಾನು ಎಡಜೇಬಿನ ಅಡಿಕೆಗಳನ್ನು ಅಂಗೈಗೆ ಸುರಿದುಕೊಂಡು ಎಣಿಸಿದೆ. ಹದಿನಾಲ್ಕು. ಇನ್ನೊಮ್ಮೆ ಎಣಿಸಿದೆ, ಹದಿನಾಲ್ಕೇ.

“ನಿಲ್ಲಿಸಬೇಡಿ,” ಎಂದೆ. “ಇವಳದ್ದು ಇನ್ನೊಂದು ಸುತ್ತು ಇದೆ.”

ಪಿ.ಟಿ. ಮೇಷ್ಟ್ರು ನನ್ನತ್ತ ನೋಡಿದರು. ನಾನು ಅಂಗೈ ತೋರಿಸಿದೆ. ಆ ಮೂಲೆ, ಆ ಕೈಸನ್ನೆ, ನೀರಿನ ಡ್ರಮ್ಮು, ಎಲ್ಲವನ್ನೂ ಎರಡು ಮಾತಿನಲ್ಲಿ ಹೇಳಿದೆ. ಒಂದು ಸುತ್ತು ಡ್ರಮ್ಮಿನ ಹಿಂದೆ ನಿಂತು ಮತ್ತೆ ಸೇರಿಕೊಂಡಿದ್ದಾಳೆ, ಬಸ್ಸಿನಲ್ಲಿ ಇಂಥವರನ್ನು ನೂರಾರು ನೋಡಿದ್ದೇನೆ ಎಂದೆ. ಹುಡುಗಿ ಅಲ್ಲೇ ನಿಂತಿದ್ದಳು, ಎಲ್ಲವೂ ಅವಳಿಗೆ ಕೇಳಿಸಿತು. ನಾನು ಅವಳ ಕಣ್ಣು ಎತ್ತ ಓಡುತ್ತದೆ ಎಂದು ನೋಡಿದೆ. ಎತ್ತಲೂ ಓಡಲಿಲ್ಲ. ನನ್ನನ್ನೇ ನೋಡಿದಳು.

“ಚೆಕಿಂಗ್‌ನವರ ಲೆಕ್ಕ ತಪ್ಪಲ್ಲ,” ಎಂದರು ಯಾರೋ.

“ಓಡಮ್ಮ, ಇನ್ನೊಂದು ಸುತ್ತು,” ಎಂದರು ಪಿ.ಟಿ. ಮೇಷ್ಟ್ರು.

ಹುಡುಗಿ ಒಂದು ಮಾತೂ ಆಡಲಿಲ್ಲ. ತಿರುಗಿ ಓಡತೊಡಗಿದಳು. ಅಷ್ಟರಲ್ಲಿ ನನ್ನ ಮೊಮ್ಮಗಳು ಗೆರೆ ದಾಟಿದಳು, ಅವಳ ಸುತ್ತು ಎಣಿಸುತ್ತಿದ್ದವರು ಹದಿನೈದು ಎಂದು ಕೂಗಿದರು. ಅವಳ ಶಾಲೆಯ ಮಕ್ಕಳು ಕುಣಿದರು. ಅವಳ ಟೀಚರು ಬಂದು ಬೆನ್ನು ತಟ್ಟಿ ಫಸ್ಟು ಎಂದರು. ಮೊಮ್ಮಗಳಿಗೆ ಅರ್ಥವಾಗಲಿಲ್ಲ. ಏದುಸಿರು ಬಿಡುತ್ತ ನೇರವಾಗಿ ನನ್ನ ಹತ್ತಿರ ಬಂದು, ಎರಡು ಕೈಯನ್ನೂ ನನ್ನ ಕುರ್ಚಿಯ ಮೇಲೆ ಊರಿ ಬಗ್ಗಿ ನಿಂತಳು. ಮೊಣಕಾಲಿನಲ್ಲಿ ಕೆಸರು, ಕೆಸರಿನ ನಡುವೆ ರಕ್ತ. ತಲೆ ಎತ್ತಿ ನನ್ನ ಮುಖ ನೋಡಿದಳು.

“ಅಜ್ಜ, ಬಾಯಲ್ಲಿ ಎಂತ?”

“ಎಂತ ಇಲ್ಲ,” ಎಂದೆ. ಹೇಳುವಾಗ ಎಡಗೆನ್ನೆಯೊಳಗೆ ಏನೋ ಅಡ್ಡ ಬಂತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಬಲಜೇಬಿಗೆ ಹೋಯಿತು. ಬಲಜೇಬು ಖಾಲಿ. ಇನ್ನೊಂದು ಸುತ್ತು ನಿಜವಾಗಿ ಬಾಕಿ ಇದ್ದಿದ್ದರೆ ಅಲ್ಲಿ ಒಂದು ಅಡಿಕೆ ಇರಬೇಕಿತ್ತು. ಬೆಳಿಗ್ಗೆ ಹದಿನೈದು ಎಣಿಸಿ ಹಾಕಿದ್ದವಳು ನನ್ನ ಎದುರಿಗೇ ನಿಂತಿದ್ದಳು. ಎಡಜೇಬಿನದು ಹದಿನಾಲ್ಕು. ಹದಿನೈದನೆಯದು ನನ್ನ ದವಡೆಯಲ್ಲಿ, ಅರ್ಧ ಪುಡಿಯಾಗಿ, ರಸ ಬಿಡುತ್ತ ಕುಳಿತಿತ್ತು. ಊರಿನವರ ಜೇಬೆಲ್ಲ ತಡಕಿದವನು ನನ್ನ ಬಲಜೇಬನ್ನು ನೋಡಿರಲಿಲ್ಲ.

ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಆ ಹುಡುಗಿ ಆಗ ಅರ್ಧ ಸುತ್ತು ದೂರದಲ್ಲಿದ್ದಳು. ಅವಳು ದರೆಯ ಮೂಲೆಯಿಂದ ತಿರುಗಿ ನನ್ನ ತನಕ ಬರಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದಲ್ಲಿ ನಾನು ಕೂಗಿ ಅವಳನ್ನು ನಿಲ್ಲಿಸಬಹುದಿತ್ತು. ಕೂಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ನುಂಗಿಬಿಟ್ಟರೆ? ಬಾಯಲ್ಲಿ ಇಲ್ಲದ ಮೇಲೆ ಸಾಕ್ಷಿ ಇಲ್ಲ. ಒಂದು ಅಡಿಕೆ ಹುಲ್ಲಿಗೆ ಬಿತ್ತು ಎಂದರೆ ಯಾರು ಹುಡುಕುತ್ತಾರೆ? ಮೊಮ್ಮಗಳು ಜಿಲ್ಲೆಗೆ ಹೋಗುತ್ತಾಳೆ. ಎರಡು ತಿಂಗಳು ಎದ್ದು ಓಡಿದ್ದಾಳೆ, ಬಿದ್ದು ಎದ್ದಿದ್ದಾಳೆ. ಗಂಟಲು ಒಮ್ಮೆ ಸಿದ್ಧವೂ ಆಯಿತು. ನಾನು ಬಸ್ಸಿನಲ್ಲಿ ಹಿಡಿದವರೆಲ್ಲ ಟಿಕೆಟ್ ಕೇಳಿದಾಗ ಹೀಗೇ ಉಗುಳು ನುಂಗುತ್ತಿದ್ದರು, ಅದನ್ನು ನೋಡಿಯೇ ನಾನು ಅವರನ್ನು ಹಿಡಿಯುತ್ತಿದ್ದೆ.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ದರೆಯ ಮೂಲೆಯನ್ನು ದಾಟುವಾಗ ಆ ಹುಡುಗಿ ಈ ಸಲ ಕೈ ಎತ್ತಲಿಲ್ಲ. ಕೊಡೆ ಹಿಡಿದ ಹೆಂಗಸರು ಅಲ್ಲೇ ಇದ್ದರು. ಇವಳು ಎರಡು ಕೈಯನ್ನೂ ಕೆಳಗೇ ಇಟ್ಟುಕೊಂಡು, ಮೊದಲಿನ ಹಾಗೇ ತಲೆ ಅಲ್ಲಾಡಿಸದೆ, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಮೊದಲಿನಷ್ಟೇ ಜೋರಾಗಿ ಓಡಿ ಬರುತ್ತಿದ್ದಳು. ಬಾಕಿ ಇಲ್ಲದ ಸುತ್ತನ್ನು ಹಾಗೆ ಓಡಬಹುದೆಂದು ನಾನು ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು. ನಾನು ಬಾಯಲ್ಲಿದ್ದುದನ್ನು ಅಂಗೈಗೆ ಉಗಿದುಕೊಂಡೆ.

ಮೊಮ್ಮಗಳು ನನ್ನ ಅಂಗೈ ನೋಡಿದಳು. ನಾನು ಎದ್ದು ಹೋಗಿ ಪಿ.ಟಿ. ಮೇಷ್ಟ್ರ ಮೇಜಿನ ಮೇಲೆ ಆ ಕೆಂಪು ಪುಡಿಯನ್ನು ಸುರಿದೆ, ಪಕ್ಕದಲ್ಲಿ ಹದಿನಾಲ್ಕು ಅಡಿಕೆ ಇಟ್ಟೆ, ಬಲಜೇಬನ್ನು ಹೊರಗೆ ತಿರುವಿ ತೋರಿಸಿದೆ.

“ತಪ್ಪು ನನ್ನದು. ಒಂದು ಅಡಿಕೆ ಬಾಯಿಗೆ ಹಾಕ್ಕಂಡಿದೀನಿ. ಗೊತ್ತಾಗಲಿಲ್ಲ. ಅವಳು ಹದಿನೈದೂ ಓಡಿ ಆಗಿತ್ತು.”

ಮಜವೆಂದರೆ ಯಾರೂ ನಂಬಲಿಲ್ಲ. ನಾನು ಸುಳ್ಳು ಆಪಾದನೆ ಮಾಡಿದಾಗ ಥಟ್ಟನೆ ನಂಬಿದವರು ನಿಜ ಹೇಳಿದಾಗ ಮುಖ ಮುಖ ನೋಡಿಕೊಂಡರು.

“ಯಾರಾದ್ರೂ ನಿಮಗೆ ಎಂತಾದ್ರೂ ಹೇಳಿದ್ರಾ?” ಎಂದು ಪಿ.ಟಿ. ಮೇಷ್ಟ್ರು ಪಿಸುಗುಟ್ಟಿ ಕೇಳಿದರು. “ಹೆದರಬೇಡಿ, ಹೇಳಿ.”

ಮೊಮ್ಮಗಳ ಟೀಚರಿಗೆ ಸಿಟ್ಟು ಬಂದಿತ್ತು. “ಫಸ್ಟು ಅಂತ ಹೇಳಿ ಆದ ಮೇಲೆ ಬಾಯಿ ತೆರೆದ್ರೆ ಆಯ್ತಾ? ಮಗು ಎಂತ ಮಾಡ್ಬೇಕು ಈಗ?”

ಆಗ ಮೊಮ್ಮಗಳು ಮಾತಾಡಿದಳು. ಉಸಿರು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ.

“ಮಿಸ್, ಅವಳು ಮೊದಲಿಂದ ಕೊನೇ ತನಕ ನನ್ನ ಮುಂದೇ ಇದ್ಲು. ನಾನು ಒಂದು ಸಲವೂ ಅವಳನ್ನ ದಾಟಿಲ್ಲ. ಅವಳಿಗೆ ಒಂದು ಸುತ್ತು ಕಮ್ಮಿ ಆಗಬೇಕಿದ್ರೆ ನಾನು ಅವಳನ್ನ ದಾಟಬೇಕಿತ್ತಲ್ಲ.”

ಇಷ್ಟು ಸಣ್ಣ ಲೆಕ್ಕ. ಮೂಲೆ, ಡ್ರಮ್ಮು, ಕೊಡೆ, ಶೂ ಎಲ್ಲವನ್ನೂ ಗಮನಿಸಿದ ನನಗೆ ಇದು ಹೊಳೆದಿರಲಿಲ್ಲ. ಪಿ.ಟಿ. ಮೇಷ್ಟ್ರು ಪಟ್ಟಿಯಲ್ಲಿ ಬರೆದದ್ದನ್ನು ಹೊಡೆದು ಮತ್ತೆ ಬರೆದರು. ಬರೆದ ಮೇಲೆ ಆ ಪುಡಿಯನ್ನು ಒಂದು ಕಾಗದದಿಂದ ಒರೆಸಿ ತೆಗೆದು, ನನಗೆ ಬೆನ್ನು ಹಾಕಿ ಮುಂದಿನ ಓಟಕ್ಕೆ ಹೆಸರು ಕರೆಯತೊಡಗಿದರು. ಇನ್ನು ಮೇಲೆ ನನ್ನನ್ನು ಎಣಿಸಲು ಕರೆಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಆ ಹುಡುಗಿ ನೀರಿನ ಡ್ರಮ್ಮಿನ ಹತ್ತಿರ ಕುಳಿತು ಶೂ ಬಿಚ್ಚುತ್ತಿದ್ದಳು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಶೂ ಚಿಕ್ಕದಾಗಿ ಬೆರಳಿಗೆ ತಾಗುತ್ತಿದ್ದುದರಿಂದ ತುದಿ ಕತ್ತರಿಸಿಕೊಂಡಿದ್ದಳು, ಅಷ್ಟೇ. ಎದೆಯ ಎರಡು ನಂಬರಿನ ವಿಷಯ ನಾನು ಕೇಳದೆಯೇ ತಿಳಿಯಿತು. ಮೇಲಿನದನ್ನು ಬಿಚ್ಚಿಟ್ಟಿದ್ದಳು, ಕೆಳಗಿನದರ ಮೂಲೆಯಲ್ಲಿ ಎಂಟುನೂರು ಮೀಟರ್ ಎಂದು ಬರೆದಿತ್ತು, ಬೆಳಗಿನ ಓಟದ್ದು. ಬೆಳಿಗ್ಗೆಯೂ ಓಡಿದ್ದಳು.

“ನನ್ನದು ತಪ್ಪಾಯ್ತು ಮಗಾ,” ಎಂದೆ.

“ಪರವಾಗಿಲ್ಲ ಸರ್.”

“ನೀನು ಆ ಮೂಲೇಲಿ ಕೈ ಎತ್ತತಿದ್ದೆಯಲ್ಲ, ಎಂತಕ್ಕೆ?” ನೋಡಿ, ಆಗಲೂ ನನಗೆ ಕೇಳದೆ ಇರಲಾಗಲಿಲ್ಲ.

ಅವಳು ಎಡಗೈ ಚಾಚಿ, ಬೆರಳುಗಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ, ಕೊನೆಗೆ ಹೆಬ್ಬೆರಳಿನದನ್ನು ತೋರುಬೆರಳಿನಿಂದ ಮುಟ್ಟಿದಳು. “ಒಂದು ಬೆರಳಿಗೆ ಮೂರು, ಐದು ಬೆರಳಿಗೆ ಹದಿನೈದು. ಅಜ್ಜಿ ತಿಥಿ ಎಣಿಸೋ ಹಾಗೆ. ಆ ಮೂಲೇಲಿ ಯಾರೂ ಕೂಗಲ್ಲ, ಅಲ್ಲಿ ಎಣಿಸಿದ್ರೆ ತಪ್ಪಲ್ಲ. ಒಂದು ಕೈ ತುಂಬಿದ್ರೆ ಓಟ ಮುಗೀತು.”

“ಹಾಗಾದ್ರೆ ನಿನಗೆ ಗೊತ್ತಿತ್ತು, ಹದಿನೈದು ಆಗಿದೆ ಅಂತ.”

“ಹೂಂ.”

“ಮತ್ತೆ ಹೇಳಕ್ಕೆ ಎಂತ ಆಗಿತ್ತು ನಿಂಗೆ?”

ಅವಳು ಶೂ ಒಳಗಿನ ಕೆಸರನ್ನು ನೆಲಕ್ಕೆ ಬಡಿದಳು.

“ನಿಮ್ಮನ್ನ ಗೊತ್ತು ನಂಗೆ. ನಾನು ಐದನೇ ಕ್ಲಾಸಲ್ಲಿದ್ದಾಗ ಶಾಲೆಗೆ ಹೋಗೋ ಬಸ್ಸಲ್ಲಿ ಪಾಸ್ ನೋಡ್ತಿದ್ದೋರು ನೀವೇ ಅಲ್ವ? ಫೋಟೋ ನೋಡಿ ಮುಖ ನೋಡಿ, ಮತ್ತೆ ಫೋಟೋ ನೋಡೋರು. ನಾನು ಹೇಳಿದ್ರೆ ನೀವು ನಂಬಲ್ಲ. ಹೇಳಿ ಜಗಳ ಆಡೋದಕ್ಕಿಂತ ಇನ್ನೊಂದು ಸುತ್ತು ಓಡೋದು ಸುಲಭ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರುವ ಹಾಗಿದೆ, ಕೊಡೆ ತರಬೇಕು ಎನ್ನುವಂತೆ ಹೇಳಿದಳು. ಈ ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಜನ ನನ್ನ ಎದುರಿಗೆ ಮಾತು ಬೇಡವೆಂದು ಬಸ್ಸಿನಿಂದ ಇಳಿದು ನಡೆದುಹೋಗಿದ್ದರೋ. ಇಳಿದವರೆಲ್ಲ ಕಳ್ಳರು ಎಂದೇ ನಾನು ತಿಳಿದಿದ್ದೆ.

ಮನೆಗೆ ಹೋಗುವ ದಾರಿಯಲ್ಲಿ ಮೊಮ್ಮಗಳು ಕುಂಟುತ್ತ ನನ್ನ ಮುಂದೆ ನಡೆದಳು. ಗೇಟಿನ ಹತ್ತಿರ ಬಂದಾಗ ತಿರುಗಿ ಕೇಳಿದಳು.

“ಅಜ್ಜ, ನಾನು ಕೇಳದೆ ಇದ್ದಿದ್ರೆ ನೀವು ಹೇಳ್ತಿದ್ರಾ?”

ಗೊತ್ತಿಲ್ಲ ಎಂದೆ.

ಹೆಂಡತಿ ಅಡಿಕೆಗಳನ್ನು ಎಣಿಸಿ ವಾಪಸ್ ತೆಗೆದುಕೊಂಡಳು. ಹದಿನಾಲ್ಕು. ಮೊಮ್ಮಗಳಿಂದ ಕಥೆ ಪೂರ್ತಿ ಕೇಳಿದಳು. ನನ್ನ ಕೆನ್ನೆಯ ಮಚ್ಚೆಯ ವಿಷಯಕ್ಕೆ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಡಬ್ಬಿಯ ಮುಚ್ಚಳ ಹಾಕುತ್ತ, “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಿದ್ರು ನಮ್ಮತ್ತೆ,” ಎಂದಳು. “ನೀವು ಉಗಿದಿದ್ದಕ್ಕೆ ಅಷ್ಟಾದ್ರೂ ಉಳೀತು.” ಅದು ಬೈಗುಳವೋ ಮೆಚ್ಚುಗೆಯೋ ನನಗೆ ಇಂದಿಗೂ ಸಂಶಯ.

ಇನ್ನೊಂದು ಸಂಶಯ ಅದಕ್ಕಿಂತ ದೊಡ್ಡದು. ಆ ಅಡಿಕೆ ಬಾಯಿಗೆ ಹೋದದ್ದು ಯಾವಾಗ? ಹನ್ನೊಂದನೆಯ ಸುತ್ತಿನಲ್ಲೇ ಇರಬೇಕು, ಮೊಮ್ಮಗಳು ಜಾರಿ ಬಿದ್ದಾಗ. ಗಾಬರಿಯಲ್ಲಿ ಎಡಜೇಬಿಗೆ ಹೋಗಬೇಕಾದ ಕೈ ಹಳೆಯ ಅಭ್ಯಾಸಕ್ಕೆ ಬಾಯಿಗೆ ಹೋಯಿತು. ನಮ್ಮ ಕಡೆಯವರ ಕೈಗೆ ಅಡಿಕೆ ಸಿಕ್ಕಿದರೆ ಅದು ಬಾಯಿಯ ದಾರಿ ಹಿಡಿಯುವುದು ಹೊಸದೇನಲ್ಲ. ಹಾಗೆಂದು ನಾನು ಎಲ್ಲರಿಗೂ ಹೇಳಿದೆ, ಎಲ್ಲರೂ ಒಪ್ಪಿದರು. ಆದರೆ ಆ ಸುತ್ತಿನಲ್ಲಿ ನಾನು ಎಣಿಸಬೇಕಿದ್ದ ಹುಡುಗಿಯನ್ನು ನೋಡಲೇ ಇಲ್ಲ, ನೋಡಿದ್ದು ಮೊಮ್ಮಗಳನ್ನು. ಕೈಗೆ ಕಣ್ಣಿಲ್ಲ, ಮನಸ್ಸಿಗೆ ಇತ್ತೇ? ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೆ ತಾನು ಮೇಯುತ್ತಿರುವುದು ಗೊತ್ತಿರುತ್ತದೆಯೇ? ಬೇರೆಯವನು ಹೀಗೆ ನನ್ನ ಎದುರಿಗೆ ಬಂದು ಗೊತ್ತಾಗಲಿಲ್ಲ ಎಂದಿದ್ದರೆ ನಾನು ಅವನನ್ನು ಬಿಡುತ್ತಿರಲಿಲ್ಲ.

ಜಿಲ್ಲೆಯಲ್ಲಿ ಆ ಹುಡುಗಿ ಮೂರನೆಯವಳಾಗಿ ಬಂದಳೆಂದು ಮೊಮ್ಮಗಳು ಹೇಳಿದಳು. ಅವರಿಬ್ಬರೂ ಈಗ ಫೋನಿನಲ್ಲಿ ಮಾತಾಡುತ್ತಾರೆ, ಶೂ ವಿಷಯ, ಉಸಿರಾಟದ ವಿಷಯ. ಕ್ರೀಡಾಕೂಟ ಮುಗಿದ ವಾರದಿಂದ ನಾನು ಬೆಳಿಗ್ಗೆ ಮೊಮ್ಮಗಳ ಜೊತೆ ಮೈದಾನಕ್ಕೆ ಹೋಗುತ್ತಿದ್ದೇನೆ. ಅರವತ್ತೆರಡು ವರ್ಷಕ್ಕೆ ಓಡಲಾಗುವುದಿಲ್ಲ, ನಡೆಯುತ್ತೇನೆ. ಅಂಥ ಓಟ ನೋಡಿದ ಮೇಲೆ ಕುರ್ಚಿಯಲ್ಲಿ ಕುಳಿತಿರಲು ಮನಸ್ಸಾಗಲಿಲ್ಲ. ಒಂದು ದಿನ, ಬಾ, ನಿನ್ನ ಸುತ್ತು ಎಣಿಸುತ್ತೇನೆ ಎಂದೆ. “ಬೇಡ ಅಜ್ಜ, ನಾನೇ ಎಣಿಸ್ಕತೀನಿ,” ಎಂದಳು, ಮೃದುವಾಗಿಯೇ. ನಾನೂ ಈಗ ಗೆಣ್ಣು ಮುಟ್ಟಿ ಎಣಿಸುತ್ತೇನೆ, ದರೆಯ ಮೂಲೆಗೆ ಬಂದಾಗ. ಕೈ ತುಂಬಿದ ಮೇಲೆ ಇನ್ನೊಂದು ಸುತ್ತು ಹೆಚ್ಚಿಗೆ ನಡೆಯುತ್ತೇನೆ. ಅದು ಯಾರ ಸುತ್ತು ಎಂದು ಮೊಮ್ಮಗಳಿಗೆ ಗೊತ್ತು, ಅವಳು ಕೇಳಿಲ್ಲ.

ಅವಳು ಕೇಳುವುದು ಬೇರೆ. ಮೈದಾನದ ಗೇಟು ದಾಟುವ ಮೊದಲು ನನ್ನ ಎದುರಿಗೆ ಬಂದು ನಿಲ್ಲುತ್ತಾಳೆ.

“ಅಜ್ಜ, ಬಾಯಿ ತೆರೀರಿ.”

ನಾನು ತೆರೆದು ತೋರಿಸುತ್ತೇನೆ. ಅವಳು ಎರಡು ಕೆನ್ನೆಯನ್ನೂ ನೋಡುತ್ತಾಳೆ, ಮತ್ತೊಮ್ಮೆ ನೋಡುತ್ತಾಳೆ, ಆಮೇಲೆ ಒಳಗೆ ಬಿಡುತ್ತಾಳೆ.